ಹಳೇ ಲ್ಯಾಪ್‌ಟಾಪ್, ಹೊಸ ಡಿಸ್ಕ್

ನನ್ನ ಲ್ಯಾಪ್‌ಟಾಪ್ 2010ರದ್ದು. ಪರದೆ ಮಂಕು, ಬ್ಯಾಟರಿ ಹೆಸರಿಗಷ್ಟೇ ಇದೆ. ಆದರೆ ಅದರ ಕೀಬೋರ್ಡಿಗೆ ನನ್ನ ಬೆರಳು ಒಗ್ಗಿಹೋಗಿವೆ. ದಿನವಿಡೀ ಟೈಪ್ ಮಾಡುವವನಿಗೆ ಅದೇನು ಸಣ್ಣ ವಿಷಯವಲ್ಲ.

ಇತ್ತೀಚೆಗೆ ಅದು ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಒಂದು ಫೋಲ್ಡರ್ ತೆರೆದರೆ ಸಾಕು, ಮೌಸ್ ಕೂಡ ಅಲ್ಲಾಡುವುದಿಲ್ಲ, ಒಳಗಿಂದ ಟಕ್ ಟಕ್ ಸದ್ದು. "ಅದಕ್ಕೆ ವಯಸ್ಸಾಯ್ತು ಕಣೋ, ಹೊಸದು ತಗೋ" ಅಂದರು ಭಾವ. ಮಿಕ್ಸಿಯಿಂದ ಹಿಡಿದು ಏನೇ ಕೆಟ್ಟರೂ ಅವರ ಮದ್ದು ಅದೊಂದೇ.

ವಯಸ್ಸಾಗಿದ್ದು ಯಂತ್ರಕ್ಕಲ್ಲ, ಡಿಸ್ಕಿಗೆ ಅಂತ ನನ್ನ ಅನುಮಾನ. ಅದನ್ನು ಪರೀಕ್ಷಿಸುವುದು ಸುಲಭ. ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಡುತ್ತದೆ. ಅದಕ್ಕೆ ಸ್ಮಾರ್ಟ್ ಅಂತ ಹೆಸರು. ಪೆನ್‌ಡ್ರೈವ್‌ನಿಂದ ಲಿನಕ್ಸ್ (ವಿಂಡೋಸ್ ಥರದ್ದೇ ಉಚಿತ ವ್ಯವಸ್ಥೆ) ಶುರುಮಾಡಿ ಆ ಪಟ್ಟಿ ತೆಗೆದೆ. ಮೇಲುಗಡೆ 'ಪಾಸ್' ಅಂತಲೇ ಇತ್ತು! ಆ ಒಂದು ಪದವನ್ನು ಮಾತ್ರ ನಂಬಬೇಡಿ. ಕೆಳಗಿನ ಸಾಲುಗಳನ್ನು ನೋಡಿ. 5ನೇ ನಂಬರಿನ ಸಾಲು, ಕೆಟ್ಟು ಬದಲಿ ಜಾಗ ಪಡೆದ ಸೆಕ್ಟರುಗಳ, ಅಂದರೆ ಡಿಸ್ಕಿನ ಪುಟ್ಟ ಪುಟ್ಟ ಖಾನೆಗಳ, ಲೆಕ್ಕ. 197 ಅಂದರೆ ಓದಲು ಆಗದೆ, ಇನ್ನೂ ತೀರ್ಮಾನವಾಗದೆ ಉಳಿದಿರುವ ಸೆಕ್ಟರುಗಳು. 199 ಏರುತ್ತಿದ್ದರೆ ತಪ್ಪು ಬಹುಪಾಲು ಕೇಬಲ್ಲಿನದು, ಡಿಸ್ಕಿನದಲ್ಲ. ನನ್ನದರಲ್ಲಿ 199 ಸೊನ್ನೆ. 197 ಮಾತ್ರ ನೋಡಿದಾಗೆಲ್ಲ ಜಾಸ್ತಿಯಾಗಿರುತ್ತಿತ್ತು.

ಇಲ್ಲೇ ಎಲ್ಲರೂ ಕೊಡುವ ಒಂದು ಸಲಹೆ ಇದೆ: ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಿ ನೋಡು, ಡಿಫ್ರಾಗ್ ಮಾಡು (ಚದುರಿದ ಫೈಲುಗಳನ್ನು ಒಂದೆಡೆ ಜೋಡಿಸು). ಸಾಯುತ್ತಿರುವ ಡಿಸ್ಕಿನ ಮೇಲೆ ದಯವಿಟ್ಟು ಎರಡೂ ಬೇಡ. ಚೆಕ್‌ಡಿಸ್ಕ್ ಸರಿಮಾಡುವುದು ಫೈಲುಗಳ ಲೆಕ್ಕಪತ್ರವನ್ನು, ಡಿಸ್ಕಿನೊಳಗಿನ ತಟ್ಟೆಯನ್ನಲ್ಲ. ಲೆಕ್ಕ ಹೊಂದಿಸುವ ಭರದಲ್ಲಿ ಫೈಲಿನ ತುಂಡುಗಳನ್ನು ಕತ್ತರಿಸಿ ಹಾಕಿಬಿಡಬಹುದು. ಡಿಫ್ರಾಗ್ ಅಂತೂ ಉಸಿರಾಡಲು ಕಷ್ಟಪಡುತ್ತಿರುವವನನ್ನು ಮೈದಾನ ಸುತ್ತಿಸಿದ ಹಾಗೆ. ಮೊದಲು ನಕಲು, ರಿಪೇರಿ ಮಾತು ಆಮೇಲೆ. ಅದೂ ನಕಲಿನ ಮೇಲೆ.

ನಕಲಿಗೂ ಮಾಮೂಲಿ ಕಾಪಿ-ಪೇಸ್ಟ್ ಒಗ್ಗುವುದಿಲ್ಲ. ಕೆಟ್ಟ ಜಾಗ ಸಿಕ್ಕ ತಕ್ಷಣ ಅದು ಅಲ್ಲೇ ಹೆಣಗಾಡುತ್ತದೆ. ಅಷ್ಟು ಹೊತ್ತಿಗೆ ಮುಂದಿರುವ ಒಳ್ಳೆಯ ಭಾಗವೂ ಕೈಬಿಟ್ಟು ಹೋಗಬಹುದು. ಡಿಡಿರೆಸ್ಕ್ಯೂ ಅನ್ನುವ ಉಚಿತ ಸಾಫ್ಟ್‌ವೇರ್ ಇದಕ್ಕೆ ಉಲ್ಟಾ. ತೊಂದರೆ ಕೊಡುವ ಜಾಗವನ್ನು ಬಿಟ್ಟು ಮುಂದಕ್ಕೆ ಹಾರುತ್ತದೆ. ಸಲೀಸಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಂಡು, ಕೊನೆಗೆ ಕಷ್ಟದ ಜಾಗಗಳನ್ನು ಒಂದೊಂದಾಗಿ ಕೆರೆಯಲು ಶುರುಮಾಡುತ್ತದೆ. ಎಲ್ಲಿಯವರೆಗೆ ಬಂದೆ ಎಂಬುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಹಾಗಾಗಿ ಮಧ್ಯೆ ಡಿಸ್ಕ್ ತುಂಬಾ ಬಿಸಿಯಾದರೆ ನಿಲ್ಲಿಸಿ, ತಣಿಸಿ, ಬಿಟ್ಟಲ್ಲಿಂದ ಮುಂದುವರಿಸಬಹುದು. ನಾನು ಹಾಗೇ ಮಾಡಿದೆ. ಬಹುತೇಕ ಎಲ್ಲವೂ ಬಂತು. ಬಾರದೆ ಹೋದದ್ದು ಹಳೆಯ ಕೆಲವು ವಿಡಿಯೋಗಳ ತುಣುಕುಗಳು. ನಾನು ಅವನ್ನು ಮತ್ತೆ ನೋಡುತ್ತಿದ್ದೆ ಅನ್ನುವ ನಂಬಿಕೆಯೇನೂ ಇಲ್ಲ.

ಇನ್ನು ಹೊಸ ಡಿಸ್ಕ್. ನಾನು ಆರಿಸಿದ್ದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಮಾಹಿತಿ ಇಡುವಂಥದ್ದು. "ಇಷ್ಟು ಹಳೇ ಯಂತ್ರಕ್ಕೆ ಎಸ್‌ಎಸ್‌ಡಿ ದಂಡ, ಅರ್ಧ ವೇಗವೂ ಸಿಗಲ್ಲ" ಅನ್ನುವವರು ತುಂಬಾ ಇದ್ದಾರೆ. ಲೆಕ್ಕ ಒಂದು ಮಟ್ಟಿಗೆ ನಿಜ. ಡಿಸ್ಕನ್ನು ಯಂತ್ರಕ್ಕೆ ಜೋಡಿಸುವ ದಾರಿಗೆ ಸಾಟಾ ಅಂತ ಹೆಸರು. ನನ್ನದರಲ್ಲಿರುವುದು ಎರಡನೇ ತಲೆಮಾರಿನದು, ಸೆಕೆಂಡಿಗೆ 3 ಗಿಗಾಬಿಟ್. ಅದರಲ್ಲಿ ಪ್ರತಿ 8 ಬಿಟ್ಟಿಗೆ, ಅಂದರೆ ಒಂದು ಬೈಟಿಗೆ, 10 ಬಿಟ್ ಕಳಿಸಬೇಕು, ಆದ್ದರಿಂದ ಕೈಗೆ ಸಿಗುವುದು ಸೆಕೆಂಡಿಗೆ ಹೆಚ್ಚೆಂದರೆ 300 ಮೆಗಾಬೈಟ್. ಎಸ್‌ಎಸ್‌ಡಿ ಡಬ್ಬಿಯ ಮೇಲೆ 550 ಅಂತ ಬರೆದಿರುತ್ತದೆ.

ಆದರೆ ಕಂಪ್ಯೂಟರ್ ನಿಧಾನವಾಗುವುದು ಆ ಸಂಖ್ಯೆಯಿಂದಲ್ಲ. ಹಳೆಯ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅದರರ್ಧ ಕಾಯಬೇಕು, ಜೊತೆಗೆ ಸೂಜಿ ಅತ್ತಿತ್ತ ಸರಿಯುವ ಹೊತ್ತು ಬೇರೆ. ಅಲ್ಲಲ್ಲಿ ಚದುರಿದ ಸಣ್ಣ ಫೈಲುಗಳಾದರೆ ಸೆಕೆಂಡಿಗೆ ನೂರು ಓದುವುದೂ ಕಷ್ಟ. ಶುರುವಾಗುವಾಗ ಯಂತ್ರ ಓದುವುದು ಅಂಥ ಸಾವಿರಾರು ಸಣ್ಣ ಫೈಲುಗಳನ್ನೇ ಅಲ್ವಾ? ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಹಾಗಾಗಿ ಹಳೇ ಯಂತ್ರಕ್ಕೆ ಅತಿ ವೇಗದ ದುಬಾರಿ ಮಾದರಿ ಬೇಡ, ಸಾಧಾರಣ 2.5 ಇಂಚಿನ ಸಾಟಾ ಸಾಕು. ಎನ್‌ವಿಎಂಇ ಎಂಬ ಇನ್ನೂ ವೇಗದ ಎಸ್‌ಎಸ್‌ಡಿ ಕಡ್ಡಿಗಳಿಗೆ ಇದರಲ್ಲಿ ಜಾಗವೇ ಇಲ್ಲ.

ಜೋಡಿಸುವುದು ಹೇಳಿಕೊಳ್ಳುವಂಥ ಕೆಲಸವಲ್ಲ. ಬ್ಯಾಟರಿ ತೆಗೆಯಬೇಕು, ಮುಚ್ಚಳದ ಸ್ಕ್ರೂ ಬಿಚ್ಚಬೇಕು. ಹಳೆಯದು 9.5 ಮಿಲಿಮೀಟರ್ ದಪ್ಪ, ಹೊಸದು 7. ಒಳಗೆ ಲಡಬಡ ಅಲ್ಲಾಡದಂತೆ ಪ್ಲಾಸ್ಟಿಕ್ ಚೌಕಟ್ಟೊಂದನ್ನು ಅಂಟಿಸಿದೆ.

ಯಂತ್ರ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟ ಬಯಾಸ್‌ನಲ್ಲಿ ಸಾಟಾ 'ಐಡಿಇ' ಎಂಬ ಹಳೇ ವಿಧಾನದಲ್ಲಿದ್ದರೆ ಹೊಸದಾದ 'ಎಎಚ್‌ಸಿಐ' ಮಾಡಿಕೊಳ್ಳಿ. ಹಳೆಯ ವಿಂಡೋಸನ್ನೇ ನಕಲು ಮಾಡಿ ತಂದಿದ್ದರೆ ಮಾತ್ರ ಹುಷಾರು. ಅದಕ್ಕೆ ಮೊದಲೇ ತಿಳಿಸದೆ ಬದಲಿಸಿದರೆ ವಿಂಡೋಸ್ ತೆರೆಯದೆ ಬರೀ ನೀಲಿ ಪರದೆ ಬರಬಹುದು. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 11 ಈ ಪ್ರೊಸೆಸರನ್ನು ಒಪ್ಪುವುದಿಲ್ಲ. ಹಾಗಾಗಿ ನಾನು ಹೊಸದಾಗಿ ಲಿನಕ್ಸನ್ನೇ ಹಾಕಿದೆ. ಅಳಿಸಿದ ಜಾಗ ಯಾವುದೆಂದು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಕೆಲಸ ವಾರಕ್ಕೊಮ್ಮೆ ತಾನಾಗಿ ನಡೆಯುವಂತೆ ಇಟ್ಟಿದ್ದೇನೆ.

ಈಗ ಬಟನ್ ಒತ್ತಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಪಾಸ್‌ವರ್ಡ್ ಕೇಳುತ್ತದೆ. ಹಾಗಂತ ಎಲ್ಲವೂ ಸರಿಹೋಗಿದೆ ಅಂತಲ್ಲ. ಹೊಸ ಬಗೆಯ ವಿಡಿಯೋ ಹಾಕಿದರೆ ಫ್ಯಾನ್ ಬೊಬ್ಬೆ ಹೊಡೆಯುತ್ತದೆ, ಅದು ಪ್ರೊಸೆಸರಿನ ಪಾಡು, ಡಿಸ್ಕ್ ಏನೂ ಮಾಡಲಾರದು. ಬ್ರೌಸರಿನಲ್ಲಿ ಟ್ಯಾಬ್ ಜಾಸ್ತಿಯಾದರೆ 4 ಜಿಬಿ ರ‍್ಯಾಮ್ ಸಾಲುವುದಿಲ್ಲ. ಹಳೇ ಡಿಡಿಆರ್3 ಬಗೆಯ ರ‍್ಯಾಮ್ ಒಂದು ಜೊತೆ ಎಲ್ಲಾದರೂ ಸಿಗುತ್ತಾ ಅಂತ ಹುಡುಕುತ್ತಿದ್ದೇನೆ.