ಆ ಹಾಡಿನಲ್ಲಿ 'ನಾನು' ಯಾರು?

ರಾಕ್ ಸಂಗೀತದ ಹುಚ್ಚು ಹಿಡಿದವರು ಇಬ್ಬರು ಸೇರಿದರೆ ಮಾತು ಬೇಗ ಒಂದು ಕಡೆಗೆ ಹೊರಳುತ್ತದೆ. ಈ ಹಾಡು ನಿಜವಾಗಿ ಯಾರ ಬಗ್ಗೆ? ಈ ಸಾಲಿನ ಹಿಂದೆ ಏನು ಅಡಗಿದೆ? ಇಂಥ ಮಾತಿನಲ್ಲಿ ನಾನೂ ಎಷ್ಟೋ ರಾತ್ರಿ ಕಳೆದಿದ್ದೇನೆ, ತುಂಬಾ ಖುಷಿಯಿಂದಲೇ. ಆದರೆ ಒಂದೇ ಹಾಡಿನ ಅರ್ಥಕ್ಕಾಗಿ ಒಡಹುಟ್ಟಿದ ಇಬ್ಬರು ಒಂದು ಇಡೀ ಮಧ್ಯಾಹ್ನ ವಾದ ಮಾಡಿದ್ದನ್ನು ನೋಡಿದ್ದು ಒಂದೇ ಸಲ.

ಗೆಳೆಯನ ಅಪ್ಪ ತೀರಿಕೊಂಡು ಕೆಲವು ತಿಂಗಳಾಗಿತ್ತು. ಮನೆ ಖಾಲಿ ಮಾಡಬೇಕಿತ್ತು. ಸಾಮಾನು ಕಟ್ಟಲು ನನ್ನನ್ನೂ ಕರೆದಿದ್ದರು. ಅವನ ಅಕ್ಕ ಆಗಲೇ ಬಂದು ಅರ್ಧ ಕೆಲಸ ಮುಗಿಸಿದ್ದರು. ಅಟ್ಟದಿಂದ ಇಳಿಸಿದ ಒಂದು ರಟ್ಟಿನ ಡಬ್ಬಿಯಲ್ಲಿ ಗೆಳೆಯನ ಕಾಲೇಜು ದಿನಗಳ ಕ್ಯಾಸೆಟ್‌ಗಳು ಸಿಕ್ಕವು. ಟೇಪ್ ರೆಕಾರ್ಡರ್ ಇನ್ನೂ ಓಡುತ್ತಿತ್ತು. ಕೆಲಸ ಅಲ್ಲಿಗೆ ನಿಂತಿತು.

ದಿ ಪೊಲೀಸ್ ಬ್ಯಾಂಡಿನ 'ಸಿಂಕ್ರೊನಿಸಿಟಿ' ಕ್ಯಾಸೆಟ್ ಅಕ್ಕನ ಕೈಗೆ ಬಂತು. "ಇದರಲ್ಲಿ ಅಪ್ಪನ ಹಾಡಿದೆ ಅಲ್ವಾ?" ಎಂದರು. ಗೆಳೆಯನಿಗೆ ಅರ್ಥವಾಗಲಿಲ್ಲ. ಅವರ ಅಪ್ಪ ಇಂಗ್ಲಿಷ್ ಹಾಡು ಕೇಳಿದವರೇ ಅಲ್ಲ. ಸೌಂಡ್ ಕಡಿಮೆ ಮಾಡು ಅನ್ನೋದೊಂದೇ ಅವರು ರಾಕ್ ಸಂಗೀತದ ಬಗ್ಗೆ ಆಡಿದ ಮಾತು.

ಅಕ್ಕ ಹೇಳಿದ ಹಾಡು 'ಎವ್ರಿ ಬ್ರೆತ್ ಯು ಟೇಕ್'. 1983ರಲ್ಲಿ ಬಂದಿದ್ದು. ಅಮೆರಿಕದಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿತ್ತು. ಆ ಗಿಟಾರ್ ಶುರುವಾದರೆ ಸಾಕು, ಹಾಡಿನ ಹೆಸರು ಗೊತ್ತಿಲ್ಲದವರೂ ಗುರುತಿಸುತ್ತಾರೆ. ನಿನ್ನ ಪ್ರತಿ ಉಸಿರು, ಪ್ರತಿ ಹೆಜ್ಜೆ, ಎಲ್ಲದರ ಮೇಲೂ ನನ್ನ ಕಣ್ಣಿದೆ ಎಂದು ಹಾಡುತ್ತಾನೆ ಬ್ಯಾಂಡಿನ ಗಾಯಕ ಸ್ಟಿಂಗ್. ಅಕ್ಕನಿಗೆ ಅದು ಅಪ್ಪನ ಮಾತು. ಅಪ್ಪ ಹೋದ ಮೇಲೆ ಒಂದು ದಿನ ಎಲ್ಲೋ ಈ ಹಾಡು ಕೇಳಿಸಿತಂತೆ. ನಿಂತಲ್ಲೇ ನಿಂತುಬಿಟ್ಟರಂತೆ. "ಎಲ್ಲಿದ್ದರೂ ನೋಡ್ತಾ ಇರ್ತೀನಿ ಅಂತ ಅಪ್ಪನೇ ಹೇಳಿದ ಹಾಗಾಯ್ತು" ಎಂದರು.

ಗೆಳೆಯ ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ.

"ಅಕ್ಕಾ, ಅದು ಹೆಂಡತಿ ಬಿಟ್ಟುಹೋದವನ ಹೊಟ್ಟೆಕಿಚ್ಚಿನ ಹಾಡು. ಅವಳನ್ನು ಬಿಡದೆ ಕಾಯೋನ ಹಾಡು. ಬರೆದ ಸ್ಟಿಂಗೇ ಹೇಳಿದ್ದಾನೆ."

ಅವನು ಹೇಳಿದ್ದು ನಿಜ. ಸ್ಟಿಂಗ್ ಈ ಹಾಡು ಬರೆದದ್ದು 1982ರಲ್ಲಿ, ಅವನ ಮೊದಲ ಮದುವೆ ಮುರಿಯುತ್ತಿದ್ದಾಗ. ಜಮೈಕಾದಲ್ಲಿ, ಜೇಮ್ಸ್ ಬಾಂಡ್ ಕಥೆಗಳನ್ನು ಬರೆದ ಇಯಾನ್ ಫ್ಲೆಮಿಂಗ್ ಇದ್ದ ಗೋಲ್ಡನ್‌ಐ ಎಂಬ ಮನೆಯಲ್ಲಿ ಕೂತು. ಇದು ಒಬ್ಬರನ್ನು ಹಿಡಿತದಲ್ಲಿಟ್ಟುಕೊಳ್ಳುವ, ಅಸೂಯೆಯ, ಕಣ್ಗಾವಲಿನ ಹಾಡು ಎಂದು ಅವನು ಆಮೇಲೆ ಎಷ್ಟೋ ಸಲ ಹೇಳಿದ್ದಾನೆ. ಆದರೂ ಜನ ಇದನ್ನು ಮದುವೆಗಳಲ್ಲಿ ಹಾಕುತ್ತಲೇ ಇದ್ದಾರೆ. ನಮ್ಮ ಮದುವೆಯಲ್ಲಿ ಹಾಕಿದ್ದೆವು ಎಂದು ದಂಪತಿಗಳು ಬಂದು ಹೇಳಿದ್ದನ್ನು ಸ್ಟಿಂಗೇ ಹೇಳಿಕೊಂಡಿದ್ದಾನೆ.

"ಅವನು ಬರೆದದ್ದು ಅವನ ಹೆಂಡತಿಗಿರಬಹುದು. ನನಗೆ ಕೇಳಿಸಿದ್ದು ಅಪ್ಪ" ಎಂದರು ಅಕ್ಕ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಗೆಳೆಯನಿಗೆ ಮಾತ್ರ ಯಾಕೋ ಸಿಟ್ಟು ಬಂದಿತ್ತು.

ನಾನು ಅಕ್ಕನ ಕಡೆ ನಿಂತೆ. ಈಗಲೂ ಅಲ್ಲೇ ನಿಂತಿದ್ದೇನೆ. ರಾಕ್ ಹಾಡುಗಳಲ್ಲಿ ಜಾಸ್ತಿ ಬರುವ ಪದಗಳು ನಾನು ಮತ್ತು ನೀನು. ಯಾರ ಹೆಸರೂ ಇರುವುದಿಲ್ಲ. ಎಲ್ಲಿ, ಯಾವಾಗ ಅನ್ನುವುದೂ ಇರುವುದಿಲ್ಲ. ಬರೆಯುವವನು ಎರಡು ಕುರ್ಚಿ ಹಾಕಿ ಎದ್ದು ಹೋಗುತ್ತಾನೆ. ಅಲ್ಲಿ ಯಾರನ್ನು ಕೂರಿಸಬೇಕು ಅನ್ನುವುದು ಕೇಳುವವರಿಗೆ ಬಿಟ್ಟದ್ದು. ಹೆಡ್‌ಫೋನ್ ಹಾಕಿಕೊಂಡು ಕತ್ತಲಲ್ಲಿ ಕೇಳುವಾಗ ಆ ದನಿ ಕಿವಿಯ ಒಳಗೇ ಇರುತ್ತದೆ. ಅದು ನೂರಾರು ಸಲ ಕೇಳಿದ ಹಾಡು. ಕೇಳಿದ ಹೊತ್ತಿನಲ್ಲಿ ನಮ್ಮ ಬದುಕಿನಲ್ಲಿ ಏನು ನಡೆಯುತ್ತಿತ್ತೋ ಅದೂ ಅದರ ಜೊತೆ ಅಂಟಿಕೊಳ್ಳುತ್ತದೆ. ಹೀಗಿರುವಾಗ ಅಲ್ಲಿ ನಮ್ಮವರೇ ಬಂದು ಕೂರದೆ ಇನ್ಯಾರು ಕೂರುತ್ತಾರೆ?

ಇದನ್ನು ಹೇಳಿ, ಗೆಳೆಯನಿಗೆ ಗೊತ್ತಿರುವ ಕಥೆಯನ್ನೇ ನೆನಪಿಸಿದೆ. ಬೀಟಲ್ಸ್ ಬ್ಯಾಂಡಿನ 'ಹೇ ಜೂಡ್'. 1968ರಲ್ಲಿ ಆ ಬ್ಯಾಂಡಿನ ಜಾನ್ ಲೆನನ್ ಮತ್ತು ಅವನ ಹೆಂಡತಿ ಸಿಂಥಿಯಾ ಬೇರೆಯಾಗುತ್ತಿದ್ದರು. ಅವರ ಮಗ ಜೂಲಿಯನ್‌ಗೆ ಐದು ವರ್ಷ. ತಾಯಿ ಮಗನನ್ನು ನೋಡಲು ಕಾರಿನಲ್ಲಿ ಹೋಗುತ್ತಾ, ಅದೇ ಬ್ಯಾಂಡಿನ ಪಾಲ್ ಮ್ಯಾಕಾರ್ಟ್ನಿ ಆ ಮಗುವಿಗೆ ಧೈರ್ಯ ಹೇಳುವ ಹಾಡು ಕಟ್ಟಿದ. ಮೊದಲು ಅದು 'ಹೇ ಜೂಲ್ಸ್' ಆಗಿತ್ತು, ಆಮೇಲೆ ಜೂಡ್ ಆಯಿತು. ಹಾಡು ಕೇಳಿದ ಜಾನ್, ಇದು ನನ್ನ ಬಗ್ಗೆಯೇ ಅಂದ. ಇಲ್ಲ, ನನ್ನ ಬಗ್ಗೆ ಅಂದ ಪಾಲ್. ಇಬ್ಬರೂ ಆಗ ಒಂದೇ ಥರದ ಹೊತ್ತನ್ನು ದಾಟುತ್ತಿದ್ದರು. ಜಾನ್ ತೀರಿಕೊಂಡ ವರ್ಷ, 1980ರಲ್ಲಿ ಕೊಟ್ಟ ಸಂದರ್ಶನದಲ್ಲೂ ಅವನು ಅದನ್ನೇ ಹೇಳಿದ, ಆ ಹಾಡು ನನಗೆ ಬರೆದದ್ದು ಅಂತಲೇ ನಾನು ಕೇಳಿದ್ದೇನೆ ಎಂದು. ಜೊತೆಗೆ ಕೂತು ಹಾಡು ಬರೆಯುತ್ತಿದ್ದವನೇ, ತನ್ನ ಮಗನಿಗೆ ಬರೆದ ಹಾಡಿನಲ್ಲಿ ತನ್ನನ್ನು ಕಂಡ. ಹಾಗಿರುವಾಗ ಅಕ್ಕ ಅಪ್ಪನನ್ನು ಕಂಡರೆ ಏನು ತಪ್ಪು?

ಅದೇ ಹಾಡಿನಲ್ಲಿ ಭುಜದ ಬಗ್ಗೆ ಒಂದು ಸಾಲಿದೆ. ಪಾಲ್‌ಗೆ ಅದು ಅರ್ಥವಿಲ್ಲದ್ದು ಅನಿಸಿತ್ತು. ಸುಮ್ನೆ ಜಾಗ ತುಂಬಲು ಹಾಕಿದ್ದೇನೆ, ಆಮೇಲೆ ಬದಲಾಯಿಸುತ್ತೇನೆ ಎಂದಿದ್ದ. ಜಾನ್ ಒಪ್ಪಲಿಲ್ಲ. ಇಡೀ ಹಾಡಿನಲ್ಲಿ ಅದೇ ಚೆನ್ನಾಗಿರುವ ಸಾಲು ಎಂದ. ಸಾಲು ಉಳಿಯಿತು. ಈ ಕಥೆ ನನಗೆ ತುಂಬಾ ಇಷ್ಟ. ಬರೆದವನಿಗೆ ಕಾಣದ್ದು ಕೇಳಿದವನಿಗೆ ಕಂಡಿತ್ತು. ರಾಕ್ ಹಾಡುಗಳಲ್ಲಿ ಇದು ಅಪರೂಪವೂ ಅಲ್ಲ. ಎಷ್ಟೋ ಸಲ ರಾಗ ಮೊದಲು ಬರುತ್ತದೆ, ಬಾಯಿಗೆ ಬಂದ ಶಬ್ದ ಅದರ ಹಿಂದೆ. ಇಂಗ್ಲೆಂಡಿನ ಗಾಯಕ ಫಿಲ್ ಕಾಲಿನ್ಸ್ 'ಇನ್ ದಿ ಏರ್ ಟುನೈಟ್' ಹಾಡಿನ ಹೆಚ್ಚಿನ ಸಾಲುಗಳನ್ನು ಮೈಕಿನ ಮುಂದೆ ನಿಂತು, ಆ ಕ್ಷಣಕ್ಕೆ ಹೊಳೆದಂತೆ ಹಾಡಿದ್ದು. ಅದರ ಹಿಂದಿದ್ದದ್ದು ವಿಚ್ಛೇದನದ ನೋವು. ಆದರೆ ಅಭಿಮಾನಿಗಳು ಅದಕ್ಕೆ ಒಂದು ದೊಡ್ಡ ಕಥೆಯನ್ನೇ ಕಟ್ಟಿದರು. ಒಬ್ಬ ಮುಳುಗುತ್ತಿದ್ದನಂತೆ, ಇನ್ನೊಬ್ಬ ದಡದಲ್ಲಿ ನಿಂತು ನೋಡುತ್ತಿದ್ದನಂತೆ, ಆ ಇನ್ನೊಬ್ಬನನ್ನು ಕಾಲಿನ್ಸ್ ತನ್ನ ಕಾರ್ಯಕ್ರಮಕ್ಕೇ ಕರೆಸಿ ಎದುರಿಗೆ ಕೂರಿಸಿ ಹಾಡಿದನಂತೆ. ಹಾಗೇನೂ ನಡೆದಿಲ್ಲ ಎಂದು ಅವನು ಹೇಳುತ್ತಲೇ ಬಂದಿದ್ದಾನೆ.

ಗೆಳೆಯ ಸುಲಭಕ್ಕೆ ಸೋಲುವವನಲ್ಲ. "ಅರ್ಥ ಅವರವರ ಇಷ್ಟ ಅಂದ್ರೆ ಮ್ಯಾನ್ಸನ್ ಕಥೆ ಏನು?" ಎಂದ.

ಅಕ್ಕನಿಗೆ ಆ ಕಥೆ ಗೊತ್ತಿರಲಿಲ್ಲ. ಅವನೇ ಹೇಳಿದ. 1968ರ ಕೊನೆಯಲ್ಲಿ ಬೀಟಲ್ಸ್ ತಂದ ಬಿಳಿ ಹೊದಿಕೆಯ ಆಲ್ಬಮಿನಲ್ಲಿ 'ಹೆಲ್ಟರ್ ಸ್ಕೆಲ್ಟರ್' ಎಂಬ ಹಾಡಿದೆ. ಇಂಗ್ಲೆಂಡಿನ ಜಾತ್ರೆಗಳಲ್ಲಿ ಮಕ್ಕಳು ಸುತ್ತಿಕೊಂಡು ಜಾರಿ ಬರುವ ಒಂದು ಆಟದ ಗೋಪುರದ ಹೆಸರು ಅದು. ಮ್ಯಾಕಾರ್ಟ್ನಿಗೆ ಆದಷ್ಟು ಜೋರಾದ, ಒರಟಾದ ಹಾಡು ಮಾಡಬೇಕಿತ್ತು, ಮಾಡಿದ. ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಮ್ಯಾನ್ಸನ್ ಅದರಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಯುದ್ಧ ಬರುವ ಸೂಚನೆ ಕೇಳಿಸಿಕೊಂಡ. ಬೀಟಲ್ಸ್ ತನ್ನ ಜೊತೆಗೇ ಮಾತಾಡುತ್ತಿದ್ದಾರೆ ಎಂದು ತನ್ನ ಹಿಂಬಾಲಕರಿಗೆ ಹೇಳಿದ. 1969ರ ಆಗಸ್ಟಿನಲ್ಲಿ ಅವರು ಲಾಸ್ ಏಂಜಲೀಸ್‌ನಲ್ಲಿ ಕೊಲೆಗಳನ್ನು ಮಾಡಿದರು. ಒಂದು ಮನೆಯ ಫ್ರಿಜ್ ಮೇಲೆ ಆ ಹಾಡಿನ ಹೆಸರನ್ನು ರಕ್ತದಲ್ಲಿ ಬರೆದಿದ್ದರು, ಅದೂ ಕಾಗುಣಿತ ತಪ್ಪಾಗಿ.

ಇದು ಸುಲಭದ ಪ್ರಶ್ನೆಯಲ್ಲ. ಹುಚ್ಚನ ಮಾತು ಬಿಡು ಎಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಯಾಕೆಂದರೆ ಶುರುವಿನಲ್ಲಿ ಮ್ಯಾನ್ಸನ್ ಮಾಡಿದ್ದೂ ನಾವು ಮಾಡುವುದನ್ನೇ. ಮತ್ತೆ ಮತ್ತೆ ಕೇಳುವುದು, ಸಾಲುಗಳ ನಡುವೆ ಹುಡುಕುವುದು. ಆದರೆ ಎಲ್ಲಿ ಬೇರೆಯಾಯಿತು ಅನ್ನುವುದೂ ಸ್ಪಷ್ಟವಾಗಿದೆ. ಸ್ಟಿಂಗ್‌ಗೆ ತಮ್ಮ ಅಪ್ಪ ಗೊತ್ತು ಎಂದು ಅಕ್ಕ ಹೇಳಲಿಲ್ಲ. ಸ್ಟಿಂಗ್ ತಮಗೆ ಗುಟ್ಟಾಗಿ ಏನೋ ಕಳಿಸಿದ್ದಾನೆ ಎಂದೂ ಹೇಳಲಿಲ್ಲ. ಹಾಡಿನೊಳಗಿನ ಆ 'ನಾನು' ಅವರಿಗೆ ಅಪ್ಪನಾಗಿ ಕೇಳಿಸಿತು, ಅಷ್ಟೇ. ಮ್ಯಾನ್ಸನ್ ಹಾಡಿನೊಳಗೆ ಯಾರನ್ನೂ ಕಾಣಲಿಲ್ಲ. ಹಾಡಿದ ನಾಲ್ವರನ್ನೇ ಹಿಡಿದುಕೊಂಡ, ಅವರು ತನಗೆ ಆದೇಶ ಕೊಡುತ್ತಿದ್ದಾರೆ ಎಂದುಕೊಂಡ. ಹಾಡಿದವರ ಮನಸ್ಸು ತನಗೆ ಗೊತ್ತು ಅನ್ನುವ ಹಟ ಅದು. ಅದೇ 1969ರಲ್ಲಿ ಪಾಲ್ ಸತ್ತುಹೋಗಿದ್ದಾನೆ ಎಂದು ಆಲ್ಬಮ್ ಹೊದಿಕೆಗಳಲ್ಲಿ, ಹಾಡಿನ ಕೊನೆಯ ಗೊಣಗಾಟಗಳಲ್ಲಿ ಸುಳಿವು ಹುಡುಕಿದವರದ್ದೂ ಒಂದು ರೀತಿಯಲ್ಲಿ ಇದೇ ಹಟ. ಅದರಿಂದ ಯಾರಿಗೂ ಪೆಟ್ಟಾಗಲಿಲ್ಲ ಅನ್ನುವುದಷ್ಟೇ ಬೇರೆ. ಸ್ವತಃ ಪಾಲ್ ಮಾತ್ರ, ನಾನು ಬದುಕಿದ್ದೇನೆ ಎಂದು ಪತ್ರಿಕೆಯವರಿಗೆ ಹೇಳಬೇಕಾಯಿತು.

ಇಷ್ಟು ಹೇಳಿದೆ. ಗೆಳೆಯ ಒಪ್ಪಿದ ಹಾಗೆ ಕಾಣಲಿಲ್ಲ, ಆದರೆ ಮ್ಯಾನ್ಸನ್ ವಿಷಯ ಬಿಟ್ಟ.

ಆಗ ನನಗೆ ಇನ್ನೊಂದು ಹಾಡು ನೆನಪಾಯಿತು. 1997ರ ಮಾರ್ಚಿನಲ್ಲಿ ನಟೋರಿಯಸ್ ಬಿ.ಐ.ಜಿ. ಎಂಬ ರ‍್ಯಾಪ್ ಗಾಯಕನ ಕೊಲೆಯಾಯಿತು. ಅವನ ಗೆಳೆಯ ಪಫ್ ಡ್ಯಾಡಿ ಮತ್ತು ಹೆಂಡತಿ ಫೇಯ್ತ್ ಎವನ್ಸ್ ಸೇರಿ ಅವನ ನೆನಪಿಗೆ 'ಐ ವಿಲ್ ಬಿ ಮಿಸ್ಸಿಂಗ್ ಯು' ಮಾಡಿದರು. ಅದರ ಉದ್ದಕ್ಕೂ ಓಡುವುದು 'ಎವ್ರಿ ಬ್ರೆತ್ ಯು ಟೇಕ್'ನ ಅದೇ ಗಿಟಾರ್. ಅಂದರೆ ಈ ಹಾಡಿನಲ್ಲಿ ತೀರಿಕೊಂಡವರನ್ನು ಕಂಡದ್ದು ಅಕ್ಕ ಒಬ್ಬರೇ ಅಲ್ಲ. ಇದನ್ನು ಹೇಳಿ ಫೋನಿನಲ್ಲಿ ಆ ಹಾಡು ಹಾಕಿದೆ. ಅಕ್ಕನಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ.

ಅವರು ಅರ್ಧ ಕೇಳಿ ತಲೆಯಾಡಿಸಿದರು. "ಚೆನ್ನಾಗಿದೆ. ಆದರೆ ಇದು ಬೇರೆ. ಇದರಲ್ಲಿ ಉಳಿದವರು ಹೋದವರ ಬಗ್ಗೆ ಹಾಡ್ತಿದ್ದಾರೆ. ನನ್ನ ಹಾಡಲ್ಲಿ ಅಪ್ಪನೇ ಹಾಡೋದು."

ಎಷ್ಟು ಸೂಕ್ಷ್ಮವಾಗಿ ಕೇಳಿಸಿಕೊಂಡಿದ್ದಾರೆ ಅನ್ನಿಸಿತು. ಹಾಡಿನಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದನ್ನು ಇಷ್ಟು ಸರಿಯಾಗಿ ಹಿಡಿದವರನ್ನು, ವರ್ಷಗಟ್ಟಲೆ ರಾಕ್ ಕೇಳಿದವರಲ್ಲೂ ನಾನು ಕಂಡದ್ದು ಕಡಿಮೆ.

ಗೆಳೆಯ ಕ್ಯಾಸೆಟ್ ಹೊದಿಕೆಯನ್ನು ತಿರುಗಿಸುತ್ತಾ ಕೂತಿದ್ದ. "ನನ್ನ ಹಾಡಲ್ಲೂ ಅಪ್ಪನೇ" ಎಂದ. "ಎಲ್ಲಿಗೆ ಹೋದೆ, ಯಾರ ಜೊತೆ ಇದ್ದೆ, ಯಾಕೆ ಲೇಟು. ನಿನಗೆ ಅವರು ಬಾಗಿಲಲ್ಲಿ ಕಾಯ್ತಿದ್ರು. ನನ್ನನ್ನ ಹಿಂದೆಯಿಂದ ನೋಡ್ತಿದ್ರು. ಕಾಲೇಜಿಗೆ ಬಂದು ವಿಚಾರಿಸಿದ್ದು ನೆನಪಿದೆಯಾ? ಆವತ್ತು ರೂಮಿಗೆ ಬಂದು ಇದೇ ಹಾಡು ಹಾಕ್ಕೊಂಡೆ. ಅವತ್ತೇ ಗೊತ್ತಾಯ್ತು ನಂಗೆ ಇದು ಏನು ಹಾಡು ಅಂತ. ಸ್ಟಿಂಗ್ ಏನು ಹೇಳಿದ ಅನ್ನೋದು ಓದಿದ್ದು ಎಷ್ಟೋ ವರ್ಷ ಆದ ಮೇಲೆ."

ಅಕ್ಕ ಆ ಮಾತು ಮೊದಲು ಕೇಳಿರಲಿಲ್ಲ. ಕಾಲೇಜಿನ ವಿಷಯವೂ ಅವರಿಗೆ ಗೊತ್ತಿರಲಿಲ್ಲ. "ನಿನಗೆ ಪರೀಕ್ಷೆ ಹೋಗಿತ್ತು ಕಣೋ ಆಗ. ಅಪ್ಪ ಹೆದರಿದ್ರು" ಎಂದರು. ಅವನು, "ನಂಗೆ ಗೊತ್ತು. ಆದ್ರೂ" ಎಂದ. ಸ್ವಲ್ಪ ಹೊತ್ತು ಇಬ್ಬರೂ ಅಪ್ಪನ ಬಗ್ಗೆಯೇ ಮಾತಾಡಿದರು. ಅದು ಅವರ ಮನೆಯ ಮಾತು, ಇಲ್ಲಿ ಬರೆಯುವಂಥದ್ದಲ್ಲ.

ಅವರ ಮಾತು ಮುಗಿದ ಮೇಲೆ, ನನ್ನ ತಲೆಯಲ್ಲಿ ಕುಣಿಯುತ್ತಿದ್ದ ಇನ್ನೊಂದು ವಿಷಯ ಹೇಳಿದೆ. ಸ್ಟಿಂಗ್‌ಗೆ ಈ ಹಾಡು ಹೊಳೆದದ್ದು ಮಧ್ಯರಾತ್ರಿ ಎಚ್ಚರವಾದಾಗ. ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದ್ದ. ಮೇಲಿನಿಂದ ಇದು ಸಮಾಧಾನ ಹೇಳುವ ಪ್ರೀತಿಯ ಹಾಡಿನ ಹಾಗೆ ಕೇಳಿಸುತ್ತದೆ, ಇದರಲ್ಲಿ ಎಷ್ಟು ಕೆಡುಕಿದೆ ಅನ್ನುವುದು ಬರೆಯುವಾಗ ನನಗೇ ತಿಳಿದಿರಲಿಲ್ಲ ಎಂದು ಅವನೇ ಹೇಳಿದ್ದಾನೆ. ಬರೆದವನಿಗೂ ಎರಡನೆಯ ಅರ್ಥ ಕಂಡದ್ದು ಆಮೇಲೆ.

"ಹಾಗಾದ್ರೆ ಅವನು ನನ್ನ ಕಡೆಯಿಂದ ನಿನ್ನ ಕಡೆಗೆ ಬಂದಿದ್ದಾನೆ" ಎಂದರು ಅಕ್ಕ ತಮ್ಮನಿಗೆ. "ನೀನು ಇನ್ನೊಂದು ದಾರಿಯಲ್ಲಿ ಬರ್ತೀಯೇನೋ, ನೋಡೋಣ."

"ನೀನೂ ಬರಬಹುದು ಅಕ್ಕಾ" ಎಂದ ಅವನು. ಕ್ಯಾಸೆಟ್ ಅಕ್ಕನ ಚೀಲಕ್ಕೆ ಹೋಯಿತು. ಉಳಿದ ಡಬ್ಬಿಗಳನ್ನು ಕಟ್ಟಲು ಎದ್ದೆವು. ಒಂದೊಂದು ಡಬ್ಬಿ ತೆಗೆದಾಗಲೂ ಇಬ್ಬರೂ ಅಪ್ಪನ ವಿಷಯದಲ್ಲಿ ವಾದ ಮಾಡುತ್ತಲೇ ಇದ್ದರು, ಆದರೆ ಈಗ ಸ್ಟಿಂಗ್‌ನನ್ನು ನಡುವೆ ತರದೆ.