ಮಳೆ ಬಂದ ಮಾರನೇ ಬೆಳಿಗ್ಗೆ ಗುಂಡಿಗೆ ಇಳಿಯೋ ಮುಂಚೆ

ಹನ್ನೊಂದು ವರ್ಷದಿಂದ ಬೆಂಗಳೂರಲ್ಲಿ ಸೈಟ್ ಎಂಜಿನಿಯರ್ ಆಗಿದೀನಿ. ಸೇಫ್ಟಿ ಅಂದ ತಕ್ಷಣ ಎಲ್ರೂ ಹೆಲ್ಮೆಟ್ ಬಗ್ಗೆನೇ ಮಾತಾಡ್ತಾರೆ, ಹೆಲ್ಮೆಟ್ ಬೇಕೇ ಬೇಕು ಒಪ್ತೀನಿ, ಆದ್ರೆ ನನ್ನ ನಿದ್ದೆ ಕೆಡಿಸೋದು ಮಣ್ಣು.

ಎರಡು ವರ್ಷದ ಹಿಂದೆ ಒಂದು ಅಪಾರ್ಟ್‌ಮೆಂಟ್ ಸೈಟಲ್ಲಿ ಪೈಪ್ ಹಾಕೋಕೆ ಎರಡೂವರೆ ಮೀಟರ್ ಆಳ ಟ್ರೆಂಚ್ ತೋಡಿದ್ವಿ. ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ನಾನು ಹೋಗೋ ಹೊತ್ತಿಗೆ ಮೂರು ಜನ ಆಗ್ಲೇ ಒಳಗಿದ್ರು, ಯಾದಗಿರಿ ಕಡೆಯವರು. ಜೆಸಿಬಿಯವನು ತೆಗೆದ ಮಣ್ಣನ್ನ ಅಂಚಲ್ಲೇ ಗುಡ್ಡೆ ಹಾಕಿದ್ದ, ಅಂಚಿಂದ ಒಂದಡಿ ಹಿಂದೆ ಉದ್ದಕ್ಕೂ ಒಂದು ಬಿರುಕು, ಬೈಕ್ ಕೀ ತೂರಿಸಿ ನೋಡಿದ್ರೆ ಪೂರ್ತಿ ಒಳಗೆ ಹೋಯ್ತು. ಮೇಲೆ ಬನ್ನಿ ಅಂತ ಕೂಗಿದೆ. "ಇನ್ನ ಎರಡ ಪೈಪ್ ಅದಾವ್ರಿ ಸರ, ಮುಗಿಸೇ ಬರ್ತೀವಿ" ಅಂದ್ರು ಒಬ್ರು. ಗದರಿಸಿ ಹತ್ತಿಸಿದೆ. ಮಧ್ಯಾಹ್ನ ಊಟಕ್ಕೆ ಕೂತಿದ್ವಿ, ಆ ಗೋಡೆ ಹಂಗೇ ಜಾರಿ ಬಿತ್ತು, ದೊಡ್ಡ ಸದ್ದೂ ಇಲ್ಲ. ಅವರು ಒಳಗೆ ಬಿಟ್ಟು ಬಂದಿದ್ದ ಬಾಂಡ್ಲಿ ಸಿಕ್ಕಿದ್ದು ಸಂಜೆ ಮೇಲೆ.

ಒಂದು ಘನ ಮೀಟರ್ ಮಣ್ಣು ಅಂದ್ರೆ ಒಂದೂವರೆ ಟನ್‌ಗೂ ಜಾಸ್ತಿ, ಒಂದು ಕಾರು ಮೈಮೇಲೆ ಕೂತಂಗೆ, ನೆಂದ್ರೆ ಇನ್ನೂ ಭಾರ. ತಲೆ ಹೊರಗಿದ್ರೂ ಎದೆವರೆಗೆ ಹೂತೋದ್ರೆ ಸಾಕು, ಪ್ರತಿ ಸಲ ಉಸಿರು ಬಿಟ್ಟಾಗ ಮಣ್ಣು ಇನ್ನಷ್ಟು ಬಿಗಿಯಾಗಿ ಒತ್ಕೊಳುತ್ತೆ, ಮತ್ತೆ ಎಳ್ಕೊಳೋಕೆ ಎದೆ ಅರಳಲ್ಲ. ಒಂದೂವರೆ ಮೀಟರ್‌ಗಿಂತ ಆಳ ಹೋದ್ರೆ ಪಕ್ಕಕ್ಕೆ ಹಲಗೆ ಕೊಟ್ಟು ಆನಿಸ್ಬೇಕು, ಇಲ್ಲ ಇಳಿಜಾರಾಗಿ ಅಗೀಬೇಕು, ಮಣ್ಣಿನ ಗುಡ್ಡೆ ಅಂಚಿಂದ ದೂರ ಇರ್ಬೇಕು, ಇದೆಲ್ಲ ನಮಗೆ ಗೊತ್ತಿರೋದೇ. ಗೊತ್ತಿದ್ದೂ ಮಾಡಿರ್ಲಿಲ್ಲ. ಆ ತಪ್ಪಲ್ಲಿ ನನ್ನ ಪಾಲೂ ಇದೆ.

ಆದ್ರೆ ನಂಗೆ ಕಣ್ಣು ತೆರೆಸಿದ್ದು ಅವತ್ತು ಸಂಜೆ. ಆ ಮೂರೂ ಜನಕ್ಕೆ ಮೇಸ್ತ್ರಿ ಅರ್ಧ ಕೂಲಿ ಹಿಡ್ಕೊಂಡಿದ್ದ, ಕೆಲಸ ನಿಂತಿತ್ತಲ್ಲ ಅಂತ. ಪೈಪ್ ಬಗ್ಗೆ ಹೇಳಿದವರೇ ನನ್ನ ಹತ್ರ ಬಂದು, ತಪ್ಪು ಮಾಡಿದೋರ ಥರ ತಲೆ ತಗ್ಗಿಸ್ಕೊಂಡು, "ಸರ, ನೀವ್ ಹತ್ತಂದ್ರಿ, ಹತ್ತೀವಿ, ಪಗಾರ?" ಅಂದ್ರು. ನಂಗೆ ಉತ್ತರ ಇರ್ಲಿಲ್ಲ. ಮುಂದಿನ ಸಲ ನಾನು ಕರೆದ್ರೆ ಆ ಮನುಷ್ಯ ಯಾಕೆ ಮೇಲೆ ಬರ್ಬೇಕು? ಟೂಲ್‌ಬಾಕ್ಸ್ ಟಾಕ್ ಅಂತ ಕೆಲಸಕ್ಕೆ ಮುಂಚೆ ಸೇಫ್ಟಿ ಪಾಠ ಎಷ್ಟು ಮಾಡಿದ್ರೇನು, ಪೋಸ್ಟರ್ ಎಷ್ಟು ಅಂಟಿಸಿದ್ರೇನು, ಪ್ರಾಣ ಉಳಿಸ್ಕೊಂಡಿದ್ದಕ್ಕೆ ಕೂಲಿ ಕಟ್ ಆಗುತ್ತೆ ಅಂದ್ರೆ ಊರಲ್ಲಿ ಮಕ್ಕಳನ್ನ ಬಿಟ್ಟು ಬಂದೋರು ಗುಂಡಿಗೆ ಇಳೀಲೇಬೇಕಾಗುತ್ತೆ.

ಕಂಟ್ರಾಕ್ಟರ್ ಜೊತೆ ಜಗಳ ಆಡಿ ಆ ದುಡ್ಡು ಕೊಡಿಸಿದೆ. ಆಮೇಲಿಂದ ಮಳೆ ದಿನಕ್ಕೆ ಅಂತ್ಲೇ ಬೇರೆ ಕೆಲಸ ಎತ್ತಿಡ್ತೀನಿ, ಕಂಬಿ ಕಟ್ ಮಾಡೋದು, ರಿಂಗ್ ಬಗ್ಗಿಸೋದು, ಸೆಂಟ್ರಿಂಗ್ ಶೀಟ್‌ಗೆ ಎಣ್ಣೆ ಹಚ್ಚೋದು. ಕೆಲಸ ನಿಂತ್ರೂ ಕೂಲಿ ಪೂರ್ತಿ ಅಂತ ಮೇಸ್ತ್ರಿ ರೇಟ್ ಮಾತಾಡುವಾಗ್ಲೇ ಬರೆಸ್ಕೊಳ್ತೀನಿ. ಅವತ್ತೇ ಇನ್ನೊಂದು ವಿಷ್ಯ ಗೊತ್ತಾಯ್ತು, ಮೂವರಲ್ಲಿ ಇಬ್ಬರಿಗೆ ಲೇಬರ್ ಕಾರ್ಡೇ ಇಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಅಂತ ಕಟ್ಟಡದ ಖರ್ಚಲ್ಲಿ 1% ಸೆಸ್, ಅಂದ್ರೆ ತೆರಿಗೆ ಥರದ್ದು, ಹೋಗುತ್ತೆ, ವರ್ಷದಲ್ಲಿ 90 ದಿನ ಕೆಲಸ ಮಾಡಿದಾರೆ ಅನ್ನೋ ಪತ್ರ ಇದ್ರೆ ಆ ಮಂಡಳೀಲಿ ನೋಂದಣಿ ಆಗಿ ಈ ಕಾರ್ಡ್ ಸಿಗುತ್ತೆ, ಆ ಪತ್ರಕ್ಕೆ ಸಹಿ ಹಾಕೋರೇ ಸಿಗಲ್ಲ ಅವರಿಗೆ, ಸೈಟಿಂದ ಸೈಟಿಗೆ ಹೋಗ್ತಾನೇ ಇರ್ತಾರೆ.

ಕಳೆದ ಮಳೆಗಾಲದಲ್ಲಿ ಬೆಳಿಗ್ಗೆ ಆರೂವರೆಗೆ ಫೋನ್. ಅವತ್ತು ಪಗಾರ ಕೇಳಿದವರೇ. "ಸರ, ಇಲ್ಲಿ ಮಣ್ಣು ಒಡದೈತಿ, ನಾವ್ ಇಳಿಯಂಗಿಲ್ಲ." ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ಹಂಗೇ ಕೂತಿದ್ದೆ.

ದೊಡ್ಡ ಸೈಟ್ ಅಂತಲ್ಲ, 30x40 ಸೈಟಲ್ಲಿ ಮನೆ ಕಟ್ಟಿಸ್ತಾ ಸಂಪ್ ತೋಡಿಸೋರೂ ಇದನ್ನ ಓದ್ತಿರ್ಬಹುದು. ಮಣ್ಣು ದೂರ ಹಾಕ್ಸಿ, ಗುಂಡಿಯೊಳಗೆ ಏಣಿ ಇಡ್ಸಿ, ಮಳೆ ಬಂದ ಮಾರನೇ ದಿನ ಯಾರನ್ನೂ ಇಳಿಸ್ಬೇಡಿ, ಆ ದಿನದ ಕೂಲಿ ನಾನು ಕೊಡ್ತೀನಿ ಅಂತ ಮೇಸ್ತ್ರಿಗೆ ಮೊದ್ಲೇ ಹೇಳ್ಬಿಡಿ, ಇಳಿಯೋರ ಎದುರಿಗೇ ಹೇಳಿ.