ಭದ್ರಾವತಿಯಿಂದ ತಾಳಗುಪ್ಪಕ್ಕೆ: ಹಗಲಿನಲ್ಲೇ ನೋಡಬೇಕಾದ ರೈಲು ಹಾದಿ

ಜೋಗಕ್ಕೆ ಹೊರಟವರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿ ಬೆಳಿಗ್ಗೆ ತಾಳಗುಪ್ಪದಲ್ಲಿ ಇಳಿಯುತ್ತಾರೆ. ಸಮಯ ಉಳಿಯುತ್ತದೆ ನಿಜ, ಆದರೆ ಭದ್ರಾವತಿ ಕತ್ತಲಲ್ಲೇ ದಾಟಿಹೋಗುತ್ತದೆ. ಕೈಗಾರಿಕಾ ಇತಿಹಾಸದಲ್ಲಿ ಆಸಕ್ತಿಯುಳ್ಳವರು ಮೈಸೂರಿನಿಂದ ಅರಸೀಕೆರೆ, ಬೀರೂರು ಮಾರ್ಗವಾಗಿ ಬರುವ ಹಗಲಿನ ಇಂಟರ್‌ಸಿಟಿಯನ್ನೇ ಆರಿಸಿಕೊಳ್ಳಬೇಕು.

ಭದ್ರಾವತಿಯಲ್ಲಿ ಅರ್ಧ ದಿನವಾದರೂ ಇಳಿಯಿರಿ. ಸರ್ ಎಂ. ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ಹುಟ್ಟಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಇಲ್ಲಿನ ಕಬ್ಬಿಣದ ಕಾರ್ಖಾನೆ, ಕಲ್ಲಿದ್ದಲಿನ ಬದಲು ಮಲೆನಾಡಿನ ಕಾಡಿನ ಇದ್ದಿಲನ್ನು ಉರಿಸಿ, ಕೆಮ್ಮಣ್ಣುಗುಂಡಿಯಿಂದ ರೋಪ್‌ವೇಯಲ್ಲಿ ಇಳಿದು ಬರುತ್ತಿದ್ದ ಅದಿರನ್ನು ಕರಗಿಸುತ್ತಿತ್ತು. ಮುಂದೆ 1950ರ ದಶಕದಲ್ಲಿ ಜೋಗದ ವಿದ್ಯುತ್ತಿನಿಂದ ನಡೆಯುವ ಕುಲುಮೆಗಳು ಬಂದವು. ಕುಲುಮೆ ಈ ತುದಿಯಲ್ಲಿ, ಅದಕ್ಕೆ ವಿದ್ಯುತ್ ಕೊಟ್ಟ ನೀರು ಆ ತುದಿಯಲ್ಲಿ. ಈ ನಂಟನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಇಡೀ ಪ್ರಯಾಣಕ್ಕೆ ಒಂದು ಸೂತ್ರ ಸಿಗುತ್ತದೆ. ಮುಂಚಿತವಾಗಿ ಅನುಮತಿ ಪಡೆಯದೆ ಕಾರ್ಖಾನೆಯ ಒಳಗೆ ಹೋಗಲಾಗದು. ಊರಿನ ಇನ್ನೊಂದು ಹೆಮ್ಮೆಯಾಗಿದ್ದ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಆಗಿವೆ, ಅದನ್ನು ನೋಡುವಾಗ ಸಂಕಟವಾಗುತ್ತದೆ.

ತುಂಗೆಯನ್ನು ದಾಟಿ ಶಿವಮೊಗ್ಗ ತಲುಪಿದ ಮೇಲೆ ತಾಳಗುಪ್ಪದವರೆಗಿನ ಸುಮಾರು 97 ಕಿ.ಮೀ. ಹಾದಿ ಬಹುಕಾಲ ಮೀಟರ್‌ಗೇಜ್ (ಒಂದು ಮೀಟರ್ ಅಗಲದ ಕಿರಿದಾದ ಹಳಿ) ಆಗಿತ್ತು. ಕೊನೆಯ ವರ್ಷಗಳಲ್ಲಿ ಅದರ ಮೇಲೆ ಓಡುತ್ತಿದ್ದುದು ಬಸ್ಸಿನಂತಹ ಪುಟ್ಟ ರೈಲ್‌ಬಸ್ ಮಾತ್ರ. ಅದೂ ನಿಂತು, ಹಳಿಗಳನ್ನೆಲ್ಲ ಕಿತ್ತು, 2011ರ ಹೊತ್ತಿಗೆ ಬ್ರಾಡ್‌ಗೇಜ್ ರೈಲು ತಾಳಗುಪ್ಪ ಮುಟ್ಟಿತು. ಬಾಗಿಲ ಬಳಿ ನಿಲ್ಲದೆ, ಕಿಟಕಿಯ ಪಕ್ಕ ಕುಳಿತೇ ನೋಡಿ: ಗುಡ್ಡ ಕಡಿದ ಕಡೆಗಳಲ್ಲಿ ಜಂಬಿಟ್ಟಿಗೆಯ ಕೆಂಪು ಗೋಡೆಗಳು ಬೋಗಿಗೆ ತೀರ ಹತ್ತಿರ ಬರುತ್ತವೆ, ಮಳೆಗಾಲದಲ್ಲಿ ಅವುಗಳ ಮೈಮೇಲೆ ಪಾಚಿ, ಜರಿಗಿಡಗಳು ತುಂಬಿರುತ್ತವೆ. ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಮಾಲ್ಗುಡಿ ನಿಲ್ದಾಣವಾಗಿ ಕಾಣಿಸಿಕೊಂಡ ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು ಕೆಡವದೆ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಉಳಿಸಿಕೊಂಡಿರುವುದು ಮೆಚ್ಚತಕ್ಕ ಕೆಲಸ.

ರಾತ್ರಿ ತಂಗಲು ತಾಳಗುಪ್ಪಕ್ಕಿಂತ ಸಾಗರವೇ ಅನುಕೂಲ. ಟಿಕೆಟ್ ಕಾಯ್ದಿರಿಸುವಾಗ ನಿಲ್ದಾಣದ ಹೆಸರು ‘ಸಾಗರ ಜಂಬಗಾರು’ ಎಂದಿರುವುದನ್ನು ಗಮನಿಸಿ. ಮರುದಿನ ಬಸ್ಸಿನಲ್ಲಿ ಜೋಗಕ್ಕೆ ಹೋದಾಗ ಜಲಪಾತದ ಜೊತೆಗೆ 1948ರಲ್ಲಿ ಚಾಲನೆಗೊಂಡ, ಈಗ ಮಹಾತ್ಮ ಗಾಂಧಿಯವರ ಹೆಸರಿರುವ ವಿದ್ಯುದಾಗಾರವನ್ನೂ ಕಣಿವೆಯಲ್ಲಿ ಹುಡುಕಿ ನೋಡಿ. ಅದಕ್ಕಾಗಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ್ದು, ನೀರು ಬಹಳ ಇಳಿದ ಬೇಸಿಗೆಯಲ್ಲಷ್ಟೇ ಕಾಣುತ್ತದೆ. ಜಲಪಾತ ತುಂಬಿ ಧುಮುಕುವುದು ಮಳೆಗಾಲದಲ್ಲಿ, ಆಗ ಮಂಜು ಕವಿಯುವುದೂ ಹೆಚ್ಚು. ಆದ್ದರಿಂದ ಒಂದೇ ಪ್ರವಾಸದಲ್ಲಿ ಎರಡನ್ನೂ ನೋಡುವ ಆಸೆ ಇಟ್ಟುಕೊಳ್ಳದೆ, ಯಾವುದು ಮುಖ್ಯವೆಂದು ಮೊದಲೇ ತೀರ್ಮಾನಿಸಿ ತಿಂಗಳನ್ನು ಆರಿಸಿಕೊಳ್ಳಿ.